2,70,000 ರೂಪಾಯಿ ಮನೆ, ತಲೆ ಮೇಲೆ 14 ಟನ್ ಮಣ್ಣು

ಮನೆ ನೋಡಲು ಹೋದ ದಿನವೇ ನಾನು ಮಗ್ಗದ ಕುಣಿಯಲ್ಲಿ ಬೀಳುವವಳಿದ್ದೆ. ಒಳಗೆ ಕತ್ತಲು. ಮೊಬೈಲ್ ಬೆಳಕು ಹಿಡಿದು ನಡುಮನೆಗೆ ಕಾಲಿಟ್ಟೆ, ನಮ್ಮ ಮನೆಯವರು ಹಿಂದಿನಿಂದ ಸೆರಗು ಹಿಡಿದು ಜಗ್ಗಿದರು. ಮುಂದೆ ಮೂರಡಿ ತಗ್ಗು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಹಳೆ ಓಣಿಗಳಲ್ಲಿ ನೇಕಾರರ ಮನೆ ಅಂದ್ರೆ ಇಂಥದ್ದೊಂದು ಕುಣಿ ಇದ್ದೇ ಇರುತ್ತದೆ. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ, ತುಳಿಯುವ ಹಲಗೆಗಳು ಕೆಳಗಿರುತ್ತವೆ. ಈ ಮನೆಯಲ್ಲಿ ಎರಡು ತಲೆಮಾರು ಖಣ (ಕುಪ್ಪಸದ ಬಟ್ಟೆ) ನೇಯ್ದಿದ್ದರಂತೆ. ಮೂರನೆಯವರು ಪವರ್‌ಲೂಮ್ ಕೆಲಸ ಹುಡುಕಿಕೊಂಡು ಒಬ್ಬರು ಇಚಲಕರಂಜಿಗೆ, ಇನ್ನೊಬ್ಬರು ಸೂರತ್‌ಗೆ ಹೋದರು. ಮನೆಗೆ ಬೀಗ ಬಿದ್ದು ಒಂಬತ್ತು ವರ್ಷ ಆಗಿತ್ತು.

ಕೇಳಿದ್ದು 3,25,000. ಕೊಟ್ಟಿದ್ದು 2,70,000. ಈಗಿನ ಕಾಲದಲ್ಲಿ ಆ ದುಡ್ಡಿಗೆ ಊರ ಹೊರಗೆ ಒಂದು ಸಣ್ಣ ಪ್ಲಾಟೂ ಬರೋದಿಲ್ಲ, ಅಲ್ವಾ? ಇಷ್ಟು ಅಗ್ಗ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಓಣಿ ಎಷ್ಟು ಸಣ್ಣದು ಅಂದ್ರೆ ಎರಡು ಬೈಕ್ ಎದುರು ಬಂದರೆ ಒಂದು ಹಿಂದೆ ಸರಿಯಬೇಕು. ಟ್ರ್ಯಾಕ್ಟರ್ ಓಣಿಯ ಬಾಯಿಯಲ್ಲೇ ನಿಲ್ಲಬೇಕು, ಅಲ್ಲಿಂದ ಅರವತ್ತು ಅಡಿ ಬುಟ್ಟಿಯೇ ಗತಿ. ಹಿಂದಿನ ಕೋಣೆಯ ಮಾಳಿಗೆ, ಅಂದ್ರೆ ಮಣ್ಣು ಹಾಕಿದ ಚಾವಣಿ, ಪೂರ್ತಿ ಕುಸಿದಿತ್ತು, ಒಳಗೆ ಒಂದು ಬೇವಿನ ಗಿಡ ಆಳೆತ್ತರ ಬೆಳೆದಿತ್ತು. ಶೌಚಾಲಯ ಇಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣ ಸಹಿ. ಮೂರು ಜನ ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರು. ಎಲ್ಲರೂ ಒಂದೇ ದಿನ ಒಂದೇ ಊರಲ್ಲಿ ಸಿಗೋದೇ ಇಲ್ಲ ಅನ್ನುವ ಕಾರಣಕ್ಕೆ ನಮಗಿಂತ ಮೊದಲು ಬಂದ ಇಬ್ಬರು ಕೈಬಿಟ್ಟು ಹೋಗಿದ್ದರು.

ಅವರೆಲ್ಲ ತಪ್ಪದೆ ಬರೋದು ಬನಶಂಕರಿ ಜಾತ್ರೆಗೆ ಅಂತ ಪಕ್ಕದ ಮನೆ ಆಯಿ ಹೇಳಿದರು. ಸರಿ, 2023ರ ಜನವರಿ, ಬನದ ಹುಣ್ಣಿಮೆಯ ಹಿಂದೆಮುಂದೆ ಹಿಡಿದು ರಜಿಸ್ಟರ್ ಮಾಡಿಸಿದೆವು. ಹೆಣ್ಣುಮಕ್ಕಳ ಸಹಿ ಏನೂ ಬೇಡ ಬಿಡ್ರಿ, ಅವರು ಕೊಟ್ಟ ಮನೆಯವರು, ಅಂತ ಮಧ್ಯವರ್ತಿಯೊಬ್ಬ ಹೇಳಿದ. ನಾನು ಅಲ್ಲಿ ಮಾತ್ರ ಹಟ ಹಿಡಿದೆ. ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು, ನಾಳೆ ಅವರ ಮಕ್ಕಳು ಬಂದು ಬಾಗಿಲು ಬಡಿದರೆ ನಾನು ಎಲ್ಲಿಗೆ ಹೋಗಲಿ? ಇಬ್ಬರೂ ಬಂದು ಸಹಿ ಹಾಕಿದರು. ಅವರಿಗೆ ಒಂದೊಂದು ಸೀರೆ ಉಡಿಸಿ ಕಳಿಸಿದೆ. ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ. ನಾವು ಎಷ್ಟಕ್ಕೇ ತಗೊಂಡಿರಲಿ, ಸರಕಾರದ ಮಾರ್ಗಸೂಚಿ ಬೆಲೆ ಅದಕ್ಕಿಂತ ಜಾಸ್ತಿ ಇದ್ದರೆ ಶುಲ್ಕ ಅದರ ಮೇಲೆಯೇ ಬೀಳುತ್ತದೆ. ನಮ್ಮ ಮನೆಗೆ ಅದು 3,10,000 ಬಂತು. ಮುದ್ರಾಂಕ, ಸೆಸ್, ನೋಂದಣಿ ಎಲ್ಲ ಸೇರಿ ಆಗ ನೂರಕ್ಕೆ 6.6, ಅಂದ್ರೆ 20,460. ಬರೆಯುವವರು, ಓಡಾಟ, ಪುರಸಭೆಯ ಉತಾರ (ಆಸ್ತಿ ದಾಖಲೆ) ಅಂತ ಇನ್ನೊಂದು ಆರು ಸಾವಿರ.

ನಾನು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಾಮರ್ಸ್ ಕಲಿಸುತ್ತೇನೆ. ಹತ್ತು ತಿಂಗಳು ಸಂಬಳ, ಎರಡು ತಿಂಗಳು ದೇವರ ದಯೆ. ನಮ್ಮ ಮನೆಯವರದು ಬಾಡಿಗೆ ಹೊಡೆಯುವ ಒಂದು ಗೂಡ್ಸ್ ಟಂಟಂ. ಬ್ಯಾಂಕಿನಲ್ಲಿ ಸಾಲ ಕೇಳಲು ಹೋದರೆ ಮಣ್ಣಿನ ಮನೆಗೆ ಕೊಡಲ್ಲ ಅಂದರು, ಕೊಡೋದಾದ್ರೂ ನನ್ನ ಸಂಬಳಕ್ಕೆ ಕೊಡಲ್ಲ ಅಂದರು. ಹೀಗಾಗಿ ರಿಪೇರಿಗೆ ಇದ್ದದ್ದು ಒಂದೂವರೆ ಲಕ್ಷ. ಭಿಶಿ (ಚೀಟಿ) ಎತ್ತಿದ್ದು 80,000, ಮಹಿಳಾ ಸಂಘದ ಸಾಲ 40,000, ಡಬ್ಬಿಯಲ್ಲಿದ್ದದ್ದು 30,000. ಯುಗಾದಿ ಮುಗಿಸಿ ಶುರು ಮಾಡಿ ಮಿರಗದ (ಮೃಗಶಿರಾ) ಮಳೆಯೊಳಗೆ ಮುಗಿಸೋಣ ಅಂತ ಲೆಕ್ಕ ಹಾಕಿದ್ದೆವು.

ಮೊದಲು ಬಂದ ಗೌಂಡಿ ಮನೆಯೊಳಗೆ ಎರಡು ನಿಮಿಷ ನಿಂತಿರಲಿಕ್ಕಿಲ್ಲ. ಮೇಲೆ ನೋಡಿದ, ಉಗುಳಿದ, "ಮೇಡಮ್ಮಾರ, ಮಣ್ಣಿನ ಮಾಳಿಗಿ ಎಲ್ಲಾ ಹೋದ ಕಾಲದ್ದು ಬಿಡ್ರಿ. ಕೆಡವಿ ಸ್ಲ್ಯಾಬ್ ಹಾಕಸ್ರಿ" ಅಂದ. ಮುಂದಿನ ಭಾಗ ಇರೋದೇ 12 ಅಡಿ ಅಗಲ, 18 ಅಡಿ ಉದ್ದ. ಅಷ್ಟಕ್ಕೆ ಪಿಲ್ಲರ್, ಬೀಮ್, ಸ್ಲ್ಯಾಬ್ ಎಲ್ಲ ಸೇರಿ 1,80,000 ಹೇಳಿದ. ನಮ್ಮ ಹತ್ತಿರ ಇದ್ದದ್ದಕ್ಕಿಂತ ಅದೇ ಮೂವತ್ತು ಸಾವಿರ ಜಾಸ್ತಿ. ಗೋಡೆಗಳು ಎರಡೂವರೆ ಅಡಿ ದಪ್ಪ, ಕೆಂಪು ಕಲ್ಲು, ನಡುವೆ ಮಣ್ಣು. ಅದರ ಮೇಲೆ ಸುಮ್ನೆ ಸ್ಲ್ಯಾಬ್ ಎಳೆದರೆ ಕೂರೋದಿಲ್ಲ, ಪಿಲ್ಲರ್ ಬೇಕೇ ಬೇಕು ಅನ್ನೋದು ಅವನ ಮಾತು. ಅದು ಸುಳ್ಳಲ್ಲ. ಆದರೆ ಕಾಂಕ್ರೀಟ್ ಮಿಕ್ಸರ್ ಈ ಓಣಿಯೊಳಗೆ ಹೇಗೆ ಬರುತ್ತದೆ ಅಂತ ಕೇಳಿದರೆ ಉತ್ತರ ಇಲ್ಲ. ಸ್ಲ್ಯಾಬ್ ಬೇಡ, ಹಿಂದಿನ ಗೋಡೆ ಕೆಲಸ ಮಾಡಿಕೊಡು ಅಂತ 5,000 ಮುಂಗಡ ಕೊಟ್ಟೆವು. ಆಮೇಲೆ ಅವನು ನಮ್ಮ ಫೋನ್ ಎತ್ತಲಿಲ್ಲ. ಎಲ್ಲೋ ದೊಡ್ಡ ಕೆಲಸ ಸಿಕ್ಕಿತ್ತಂತೆ. ಆ ಐದು ಸಾವಿರವನ್ನು ನಾನು ಖರ್ಚಿನ ಲೆಕ್ಕಕ್ಕೇ ಹಿಡಿದಿಲ್ಲ, ಹಿಡಿದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಸಿಕ್ಕಿದವರು ಮುತ್ಯಾ. ಆಯಿಯ ತವರಿನ ಕಡೆಯವರು, ಎಪ್ಪತ್ತು ದಾಟಿದ್ದಾರೆ, ಒಂದು ಕಣ್ಣಿಗೆ ಪೊರೆ. ವಯಸ್ಸಿದ್ದಾಗ ಮಾಳಿಗೆ ಹಾಕುವುದೇ ಅವರ ಕೆಲಸ. ಈಗ ಯಾರೂ ಕರೆಯೋದಿಲ್ಲ. ಅವರು ಬಂದವರೇ ಒಳಗೆ ಹೋಗಲಿಲ್ಲ, ನಿಚ್ಚಣಿಕೆ ಇಟ್ಟು ಮೇಲೆ ಹತ್ತಿದರು. ನಾನೂ ಹತ್ತಿದೆ. ಬೆಳಕಿಂಡಿಯ ಅಂಚಿನಲ್ಲಿ ಕೂತು ಒಂದು ಕಬ್ಬಿಣದ ಸರಳನ್ನು ಮಣ್ಣಿನೊಳಗೆ ಒತ್ತುತ್ತಾ ಹೋದರು. ಅದು ಹೋಗ್ತಾ ಹೋಗ್ತಾ ಅವರ ಮೊಣಕೈ ಹತ್ತಿರ ಬಂದು ನಿಂತಿತು. ಒಂದೂವರೆ ಅಡಿ.

"ತಂಗಿ, ಇದರಾಗ ಜಂತೀದು ತಪ್ಪಿಲ್ಲ. ವರ್ಷಾ ವರ್ಷಾ ಸೋರ್ತದ ಅಂತ ಮಣ್ಣು ಹೊತ್ತು ಹಾಕ್ಯಾರ. ಹಳೇದು ಒಬ್ಬನೂ ತಗದಿಲ್ಲ."

ಆ ರಾತ್ರಿ ಕೂತು ಲೆಕ್ಕ ಹಾಕಿದೆ. 12 ಗುಣಿಸು 18, ಗುಣಿಸು ಒಂದೂವರೆ, 324 ಘನ ಅಡಿ. ನೂರು ಘನ ಅಡಿಗೆ ಒಂದು ಬ್ರಾಸ್ ಅನ್ನುವ ನಮ್ಮ ಕಡೆಯ ಲೆಕ್ಕದಲ್ಲಿ ಮೂರೂಕಾಲು ಬ್ರಾಸ್. ಒಣಗಿದ ಮಣ್ಣೇ ಆದರೂ 14 ಟನ್ನಿಗೆ ಕಡಿಮೆ ಇಲ್ಲ. ಮಳೆ ನೀರು ಕುಡಿದರೆ ಇನ್ನೂ ಜಾಸ್ತಿ. ಇಷ್ಟು ಭಾರದ ಕೆಳಗೆ ನಾನು ಆರಾಮಾಗಿ ನಿಂತು ಅಡುಗೆ ಕಟ್ಟೆ ಎಲ್ಲಿ ಬರಬೇಕು ಅಂತ ಕನಸು ಕಾಣ್ತಾ ಇದ್ದೆ.

ಮಣ್ಣಿನ ಮಾಳಿಗೆ ನೋಡದವರಿಗೆ ಒಂದಿಷ್ಟು ಹೇಳುತ್ತೇನೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಕ್ಕೆ ಜಂತಿ, ಜಂತಿ ಮೇಲೆ ಹಲಗೆ ಇಲ್ಲವೇ ಸಣ್ಣ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಮಣ್ಣು. ಕಟ್ಟಕಡೆಗೆ ಮೇಲೆ ಒಂದು ಪದರ ಸವಳು ಮಣ್ಣು. ಹೊಲದಲ್ಲಿ ಸವಳು ಅಂದ್ರೆ ರೈತರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ, ಏನೂ ಬೆಳೆಯಲ್ಲ. ಮಾಳಿಗೆಗೆ ಅದೇ ಬೇಕು. ಹುಲ್ಲು ಹುಟ್ಟಲ್ಲ, ಮೊದಲ ಮಳೆಗೆ ಅದು ಕರಗಿ ರಂಧ್ರಗಳನ್ನೆಲ್ಲ ಮುಚ್ಚಿಕೊಂಡು ಬಿಗಿಯಾಗುತ್ತದೆ, ಮುಂದಿನ ನೀರು ಇಳಿಯದೆ ಜಾರಿ ದೋಣಿಯ (ಮಾಳಿಗೆಯ ನೀರು ಹೊರಬೀಳುವ ಕೊಳವೆ) ಕಡೆ ಹೋಗುತ್ತದೆ. ಇಳಿಜಾರು ಸರಿ ಇದ್ದರೆ ಎಂಟು ಇಂಚು ಮಣ್ಣು ಸಾಕು ಅಂತ ಮುತ್ಯಾ. ಇವರು ಇಳಿಜಾರು ನೋಡದೆ, ಸೋರಿದ ಕಡೆ ಒಂದೊಂದು ಬುಟ್ಟಿ ಸುರಿದಿದ್ದರು. ಅಲ್ಲಿ ಗುಡ್ಡ ಎದ್ದು, ಅದರ ಪಕ್ಕದಲ್ಲಿ ನೀರು ನಿಂತು, ಮರುವರ್ಷ ಆ ಪಕ್ಕ ಸೋರಿ, ಅಲ್ಲೂ ಒಂದು ಬುಟ್ಟಿ.

ಮಣ್ಣು ಇಳಿಸಲು ಆಳು ಸಿಗಲಿಲ್ಲ. 2023ರ ಏಪ್ರಿಲ್-ಮೇ, ವಿಧಾನಸಭೆ ಚುನಾವಣೆ. ಮೇ 10ಕ್ಕೆ ಮತದಾನ. ಬಿಸಿಲಲ್ಲಿ ಬುಟ್ಟಿ ಹೊರುವುದಕ್ಕಿಂತ ಪ್ರಚಾರಕ್ಕೆ ಹೋದರೆ ಊಟ, ಚಹಾ, ಕೂಲಿ ಮೂರೂ ಸಿಗುತ್ತಿತ್ತು. ಅವರನ್ನು ಹೇಗೆ ತಪ್ಪು ಅನ್ನಲಿ? ನಮ್ಮ ಟಂಟಂ ಕೂಡ ಎರಡು ವಾರ ಅದೇ ಬಾಡಿಗೆ ಹೊಡೆಯಿತು. ಕೊನೆಗೆ ಮತದಾನ ಮುಗಿದ ಮರುದಿನ ಮೂವರು ಗಂಡಾಳು, ಇಬ್ಬರು ಹೆಣ್ಣಾಳು ಬಂದರು. ಐದು ದಿನ. ಗಂಡಾಳಿಗೆ 600, ಹೆಣ್ಣಾಳಿಗೆ 350. ಬುಟ್ಟಿ ಹೊತ್ತು ಅರವತ್ತು ಅಡಿ ನಡೆದದ್ದು ಹೆಂಗಸರೇ ಜಾಸ್ತಿ, ದುಡ್ಡು ಕಡಿಮೆ ಅವರಿಗೇ. ನಾನು ಅದನ್ನು ಸರಿ ಮಾಡಲಿಲ್ಲ, ಓಣಿಯ ದರ ಅಂತ ಸುಮ್ಮನಿದ್ದೆ. ಟ್ರ್ಯಾಕ್ಟರ್ ಐದು ಟ್ರಿಪ್ ಸೇರಿ ಒಟ್ಟು 16,500 ಹೋಯಿತು. ಹಳೆ ಮಣ್ಣಿನಲ್ಲಿ ಅರ್ಧ ಎಸೆಯಬೇಡಿ, ಜರಡಿ ಹಿಡಿದು ಹಿತ್ತಲಲ್ಲಿ ರಾಶಿ ಹಾಕಿ ಅಂದರು ಮುತ್ಯಾ. ಅದರಿಂದ ಹೊಸ ಮಣ್ಣಿನ ದುಡ್ಡು ಉಳಿಯಿತು.

ಮಣ್ಣು ಇಳಿದ ಮೇಲೆ ಜಂತಿ ಬಯಲಾದವು. 17 ಜಂತಿ. ಮುತ್ಯಾ ಒಂದು ಕೊಡಲಿಯ ಕಾವು ಹಿಡಿದು ಒಂದೊಂದಕ್ಕೇ ಬಡಿದರು. ಮೂರು ಕಡೆ ಬಡಿಯಬೇಕು, ನಡುವೆ ಒಂದು, ಎರಡು ತುದಿಗೆ ಒಂದೊಂದು. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ. ಒಳಗೆ ಟೊಳ್ಳಾಗಿದ್ದರೆ ಕೊಳೆತ ಕುಂಬಳಕಾಯಿ ಬಡಿದ ಹಾಗೆ, ಡಬ್. ನಡುವೆ ಬಹುತೇಕ ಎಲ್ಲವೂ ಟಣ್. ತುದಿಗೆ ಬಂದರೆ ಡಬ್. ಗೋಡೆಯೊಳಗೆ ಕೂತ ತುದಿಯೇ ತೇವ ಹಿಡಿದು ಗೆದ್ದಲಿಗೆ ಸಿಕ್ಕಿತ್ತು. ಒಂದು ತುದಿಯನ್ನು ನಾನು ಬೆರಳಿನಿಂದ ಒತ್ತಿದೆ, ಮೇಲೆ ಕಾಗದದಷ್ಟು ತೆಳ್ಳಗೆ ಕಟ್ಟಿಗೆ ಇತ್ತು, ಅದು ಒಡೆದು ಬೆರಳು ಪೂರ್ತಿ ಒಳಗೆ ಹೋಯಿತು, ಒಳಗಿನಿಂದ ಸಣ್ಣ ಒಣ ಪುಡಿ ಅಂಗೈ ಮೇಲೆ ಸುರಿಯಿತು. ಇಷ್ಟರ ಆಧಾರದ ಮೇಲೆ ಆ ಮಣ್ಣು ನಿಂತಿತ್ತಾ ಅನ್ನಿಸಿತು.

17ರಲ್ಲಿ 9 ಕೆಟ್ಟಿದ್ದವು. ಒಂಬತ್ತನ್ನೂ ಬದಲಾಯಿಸೋಣ ಅಂದ ಬಡಿಗೇರ. ಮುತ್ಯಾ ಬೇಡ ಅಂದರು. ಐದು ಪೂರ್ತಿ ಹೋಗಿದ್ದವು, ಅವನ್ನು ತೆಗೆದು ಹಳೆ ಕಟ್ಟಿಗೆ ಮಾರುವ ಅಡ್ಡೆಯಿಂದ ಬೇರೆ ತಂದೆವು, ಒಂದಕ್ಕೆ 1,400. ಉಳಿದ ನಾಲ್ಕರ ತುದಿ ಮಾತ್ರ ಕೆಟ್ಟಿತ್ತು. ಗೋಡೆಗೆ ಒಂದೂವರೆ ಅಡಿ ಈಚೆಗೆ ಎರಡು ಗಿಡ್ಡ ಕಂಬ ನಿಲ್ಲಿಸಿ ಒಂದು ಅಡ್ಡ ತೊಲೆ ಕೊಟ್ಟು, ಆ ನಾಲ್ಕನ್ನೂ ಅದರ ಮೇಲೆ ಕೂರಿಸಿ ಕೆಟ್ಟ ತುದಿ ಕೊಯ್ದು ಹಾಕಿದರು. ಕಂಬಗಳ ನಡುವಿನ ಜಾಗದಲ್ಲಿ ಈಗ ನನ್ನ ಪುಸ್ತಕದ ಕಪಾಟಿದೆ. ತುದಿಗಳಿಗೆಲ್ಲ ಗ್ಯಾರೇಜಿನಿಂದ ತಂದ ಸುಟ್ಟ ಎಣ್ಣೆ ಬಳಿದೆವು, ಗೆದ್ದಲು ಬರಬಾರದು ಅಂತ. ಅದರ ವಾಸನೆ ಹೋಗಲು ತಿಂಗಳು ಹಿಡಿಯಿತು. ಮಗಳು ಶಾಲೆಗೆ ಹೋದರೆ ಗೆಳತಿಯರು ನಿಮ್ಮ ಮನೆ ಗ್ಯಾರೇಜಾ ಅಂತ ಕೇಳಿದರಂತೆ. ಕಟ್ಟಿಗೆ, ಬಡಿಗೇರನ ಐದು ದಿನದ ಪಗಾರ ಸೇರಿ 15,500.

ಇಲ್ಲಿಯವರೆಗೆ ಲೆಕ್ಕ ತಪ್ಪಿರಲಿಲ್ಲ. ತಪ್ಪಿಸಿದ್ದು ಮಳೆ.

ಮೇ ಕೊನೆಯ ವಾರ. ಜಂತಿ ಕೂತಿದ್ದವು, ಮಣ್ಣು ಇನ್ನೂ ಹಾಕಿರಲಿಲ್ಲ. ಸಂಜೆ ಗುಡ್ಡದ ಕಡೆಯಿಂದ ಕೆಂಪು ಧೂಳೆದ್ದಿತು, ಅರ್ಧ ತಾಸಿನಲ್ಲಿ ಗುಡುಗು ಮಳೆ. ನಾವು ಬಾಡಿಗೆ ಮನೆಯಲ್ಲಿ. ನಮ್ಮ ಮನೆಯವರು ಯಾರದೋ ಲಾರಿಯ ತಾಡಪತ್ರಿ ಕೇಳಿ ತಂದರು, ಇಬ್ಬರೂ ಓಡಿದೆವು. ಗಾಳಿಗೆ ತಾಡಪತ್ರಿ ನಿಲ್ಲುತ್ತಿಲ್ಲ. ನಾನು ಒಂದು ಮೂಲೆಯ ಮೇಲೆ ಕೂತೆ, ಅವರು ಕಲ್ಲು ಹೊತ್ತು ಹೊತ್ತು ಇಟ್ಟರು. ಮುಂದಿನ ಭಾಗ ಹೇಗೋ ಉಳಿಯಿತು. ಆದರೆ ಹಿಂದಿನ ಕೋಣೆಯ ಗೋಡೆ, ಮೊದಲೇ ತಲೆ ಬಿಚ್ಚಿಕೊಂಡು ನಿಂತಿತ್ತಲ್ಲ, ಅದರ ಮಣ್ಣು ನೀರು ಕುಡಿದು ಒಂದು ಬದಿ ಕುಸಿದು ಆಯಿಯ ಹಿತ್ತಲಿಗೆ ಬಿತ್ತು. ದನ ಕಟ್ಟುವ ಗೂಟದಿಂದ ನಾಲ್ಕಡಿ ಆಚೆ. ಆಕಳು ಹಗ್ಗ ಹರಿದುಕೊಂಡು ಓಣಿಯಲ್ಲಿ ನಿಂತಿತ್ತು.

"ಯವ್ವಾ, ಗ್ವಾಡಿ ಹೋಗ್ಲಿ ಬಿಡ. ನಮ್ಮ ಗೌರಿ ಹಾಲು ಬಿಟ್ಟಾಳು ಹೆದರಿ" ಅಂದರು ಆಯಿ. ಗೌರಿ ನಿಜವಾಗಿಯೂ ಮೂರು ದಿನ ಸರಿಯಾಗಿ ಹಾಲು ಕೊಡಲಿಲ್ಲ. ಆ ಮೂರು ದಿನ ನಾವು ಅವರಿಗೆ ಪಾಕೀಟು ಹಾಲು ತಂದುಕೊಟ್ಟೆವು, ಆ ಹಾಲಿನ ಚಹಾವನ್ನು ಅವರು ಕುಡಿಯಲಿಲ್ಲ. ಗೋಡೆ ಮತ್ತೆ ಎತ್ತಲು 9,000. ಕೊಡಬೇಕಾದ್ದೇ.

ಗೋಡೆಯೊಳಗೆ ನೀರು ಹೇಗೆ ಹೋಯಿತು ಅಂತ ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಹಿಂದಿನವರು ಯಾವಾಗಲೋ ನಾಲ್ಕು ದುಡ್ಡು ಕೈಗೆ ಬಂದಾಗ ಗೋಡೆಗೆ ಸಿಮೆಂಟ್ ಗಿಲಾಯಿ ಮಾಡಿಸಿದ್ದರು. ಹೊರಗಿನಿಂದ ನೋಡಲು ಚೆಂದ. ಆದರೆ ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ, ಅದು ಹೊರಗೆ ಆರಿ ಹೋಗಬೇಕು. ಸಿಮೆಂಟ್ ಬಾಯಿ ಮುಚ್ಚಿದರೆ ತೇವ ಒಳಗೇ ಕೂತು ಕಲ್ಲಿನ ನಡುವಿನ ಮಣ್ಣನ್ನು ಸಡಿಲು ಮಾಡುತ್ತದೆ. ನಮ್ಮ ಗೋಡೆಗೆ ಬಡಿದರೆ ಸಿಮೆಂಟ್ ತಟ್ಟೆ ತಟ್ಟೆಯಾಗಿ ಬಂತು, ಅದರ ಹಿಂದೆ ಮುಟ್ಟಿದರೆ ಹಸಿ ಹಸಿ, ಮೇ ತಿಂಗಳಲ್ಲಿ! ಎಲ್ಲ ಕಿತ್ತು ಹಾಕಿದೆವು.

ಅದರ ಬದಲು ಸುಣ್ಣದ ಗಚ್ಚು. ಸುಣ್ಣದ ಕಲ್ಲಿನ ಸೀಮೆ ನಮ್ಮದು, ಬಾಗಲಕೋಟೆ, ಲೋಕಾಪುರ ಕಡೆ ನೆಲ ಕೆದರಿದರೆ ಅದೇ. ಆದರೂ ಅಂಗಡಿಯಲ್ಲಿ ಹರಳು ಸುಣ್ಣ ಕೇಳಿದರೆ "ಬಣ್ಣಕ್ಕೇನ್ರಿ?" ಅಂತ ಚೀಲದ ಪುಡಿ ತೋರಿಸುತ್ತಾರೆ. ಹುಡುಕಿ ತರಿಸಿ ಹಿತ್ತಲಲ್ಲಿ ತಗ್ಗು ತೋಡಿ ನೀರಿನಲ್ಲಿ ಅರಳಿಸಿದೆವು. ಅರಳುವಾಗ ಕೊತಕೊತ ಕುದಿಯುತ್ತದೆ, ಹನಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಮಗಳನ್ನು ಆ ದಿನ ತಮ್ಮನ ಮನೆಗೆ ಕಳಿಸಿದ್ದೆ. ಹತ್ತು ದಿನ ನೆನೆದ ಮೇಲೆ ಬೆಣ್ಣೆಯ ಹಾಗೆ ಆಯಿತು. ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಕಲಸಲು ಬೆಲ್ಲದ ನೀರು. ಬೆಲ್ಲ ಮಹಾಲಿಂಗಪುರದ್ದು, ತಿನ್ನಲು ಬಾರದ ಕಪ್ಪು ಬೆಲ್ಲ ಅಗ್ಗಕ್ಕೆ ಸಿಕ್ಕಿತು. ಇರುವೆ ಬಂದವೇ ಅಂತ ಎಲ್ಲರೂ ಕೇಳುತ್ತಾರೆ. ಬಂದವು, ನಾಲ್ಕು ದಿನ ಇದ್ದು ಹೋದವು.

ಇಲ್ಲಿ ನನ್ನದೇ ತಪ್ಪು ಒಂದಿದೆ. ಗಚ್ಚು ನಿಧಾನಕ್ಕೆ ಆರಬೇಕು. ಪಡಸಾಲೆಯ ಗೋಡೆ ಮುಗಿದ ದಿನ ಬಿಸಿಲು ಜೋರಿತ್ತು, 40 ಡಿಗ್ರಿ ಹತ್ತಿರ. ಗೋಣಿತಟ್ಟು ತೋಯಿಸಿ ಕಟ್ಟಿ ಅಂತ ಮುತ್ಯಾ ಹೇಳಿ ಹೋಗಿದ್ದರು. ನಾನು ಪೇಪರ್ ತಿದ್ದುವ ಕೆಲಸ ಇತ್ತು ಅಂತ ಸಂಜೆ ಹೋದೆ. ಗೋಡೆ ತುಂಬ ಜೇಡರ ಬಲೆಯ ಹಾಗೆ ಬಿರುಕು. ಆ ಗೋಡೆ ಹಾಗೇ ಬಿಟ್ಟಿದ್ದೇವೆ. ಬಂದವರು ಡಿಸೈನ್ ಅಂದುಕೊಳ್ಳುತ್ತಾರೆ, ನಾನು ಹೌದು ಅನ್ನುತ್ತೇನೆ. ಸಿಮೆಂಟ್ ಕಿತ್ತಿದ್ದು, ಸುಣ್ಣ, ಮರಳು, ಕೂಲಿ ಎಲ್ಲ ಸೇರಿ 29,000.

ಮಾಳಿಗೆ ಮತ್ತೆ ಹಾಕಿದ್ದು ಎರಡೂವರೆ ದಿನದ ಕೆಲಸ. ಹಿಂದಿನ ಕೋಣೆಯಲ್ಲಿ ಬೆಳೆದಿತ್ತಲ್ಲ, ಆ ಬೇವಿನ ಗಿಡ ಕಡಿದು ಅದರ ಸೊಪ್ಪೇ ಹಾಸಿದೆವು. ಅದು ಸಾಲದೆ ಓಣಿಯ ಹುಡುಗರು ಸೈಕಲ್ ಮೇಲೆ ಇನ್ನಷ್ಟು ತಂದರು. ಸೊಪ್ಪಿನ ಮೇಲೆ ನಾನು ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿದೆ. ಮುತ್ಯಾಗೆ ಅದು ಸೇರಲಿಲ್ಲ. "ಹಾಕು, ನಿನ್ನ ಮನಿ" ಅಂದು ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ಕೂತರು. ಎಂಟು ಇಂಚು ಮಣ್ಣು, ದೋಣಿಯ ಕಡೆ ಇಳಿಜಾರು ಬರುವ ಹಾಗೆ ದಾರ ಕಟ್ಟಿ, ನೀರು ಚಿಮುಕಿಸಿ, ಸಾಲಾಗಿ ನಿಂತು ತುಳಿದೆವು. ಕೊನೆಗೆ ಸವಳು ಮಣ್ಣು. ಎಲ್ಲ ಸೇರಿ 11,000. ಸ್ಲ್ಯಾಬ್‌ಗೆ 1,80,000 ಹೇಳಿದ್ದ ಜಾಗ ಅದು. ಮಣ್ಣು ಇಳಿಸಿದ್ದು, ಜಂತಿ ಎಲ್ಲ ಕೂಡಿಸಿದರೂ 43,000.

ಹಿಂದಿನ ಕೋಣೆಗೆ ಮಾತ್ರ ಮಾಳಿಗೆ ಹಾಕುವ ಧೈರ್ಯ ಬರಲಿಲ್ಲ. ಅಲ್ಲಿ ಕಟ್ಟಿಗೆಯೇ ಉಳಿದಿರಲಿಲ್ಲ. ಕಬ್ಬಿಣದ ಆಂಗಲ್, ತಗಡು. 270 ಚದರ ಅಡಿ, ಅಡಿಗೆ 170ರಂತೆ 46,000. ಅದೇ ಅಡುಗೆಮನೆ. ಬೇಸಿಗೆಯಲ್ಲಿ ಮಧ್ಯಾಹ್ನ ಅಲ್ಲಿ ನಿಂತರೆ ರೊಟ್ಟಿ ಬೇಯಿಸಲು ಹಂಚು ಬೇಡ. ಮುಂದಿನ ಮಾಳಿಗೆಯ ಕೋಣೆಯಲ್ಲಿ ಅದೇ ಹೊತ್ತಿಗೆ ಫ್ಯಾನ್ ಇಲ್ಲದೆ ನಿದ್ದೆ ಬರುತ್ತದೆ. ತಗಡಿನ ಕೆಳಗೆ ಬಿದಿರಿನ ತಟ್ಟಿ ಕಟ್ಟಿದ್ದೇವೆ, ಮೇಲೆ ಜೋಳದ ಕಣಿಕಿ ಹಾಸಿದ್ದೇವೆ, ಸ್ವಲ್ಪ ಪರವಾಗಿಲ್ಲ. ಬೆಳಗ್ಗೆ ಎಂಟರೊಳಗೆ ಅಡುಗೆ ಮುಗಿಸುವ ಅಭ್ಯಾಸ ಆಗಿದೆ.

ಶೌಚಾಲಯ, ಬಚ್ಚಲು, ಗುಂಡಿ ಸೇರಿ 38,000. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಗುಂಡಿ ತೋಡುವಾಗ ನಾಲ್ಕಡಿಗೆ ಬಂಡೆ ಸಿಕ್ಕಿ ಜಾಗ ಬದಲಿಸಿದ್ದು ಬಿಟ್ಟರೆ. ವೈರಿಂಗ್ 22,000. ಮಣ್ಣಿನ ಗೋಡೆಯಲ್ಲಿ ವೈರ್ ಕೂರಿಸಲು ಕೊರೆದರೆ ಅಂಗೈಯಗಲ ಉದುರುತ್ತದೆ, ಅದಕ್ಕೆ ಹೊರಗೇ ಕೇಸಿಂಗ್ ಪಟ್ಟಿ ಹೊಡೆಸಿದೆವು. ಮೀಟರ್ ಸತ್ತುಹೋದ ಅಜ್ಜನ ಹೆಸರಲ್ಲಿತ್ತು, ಹಳೆ ಬಾಕಿಯನ್ನು ಮಾರಿದವರೇ ಕಟ್ಟಿದರು, ಅದೊಂದು ಪುಣ್ಯ. ನೆಲಕ್ಕೆ ಶಹಾಬಾದ್ ಕಲ್ಲಿನ ಪರಸಿ 16,000. ಅಡುಗೆ ಕಟ್ಟೆ 6,000.

ಬಾಗಿಲಿನ ಕಥೆ ಮಾತ್ರ ಹೇಳಬೇಕು. ತಲಬಾಗಿಲು ಕೊಳೆತಿತ್ತು. ಹೊಸ ಸಾಗವಾನಿ ಬಾಗಿಲು ಕೇಳಿದರೆ ಎದೆ ಝಲ್ ಅನ್ನುತ್ತದೆ. ಬಾಗಲಕೋಟೆಯಲ್ಲಿ ಹಳೆ ಬಾಗಿಲು ಮಾರುವ ಅಡ್ಡೆಗೆ ಹೋದೆವು. ಆಲಮಟ್ಟಿ ಜಲಾಶಯದ ನೀರು 519.60 ಮೀಟರ್‌ವರೆಗೆ ನಿಂತು ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು, ಸುತ್ತಲಿನ ಹಳ್ಳಿಗಳು ಹೋದವಲ್ಲ, ಆಗ ಜನ ಕಿತ್ತು ತಂದ ಬಾಗಿಲು, ಕಂಬ, ಚೌಕಟ್ಟು ಇವತ್ತಿಗೂ ಕೈಯಿಂದ ಕೈಗೆ ತಿರುಗುತ್ತಿವೆ. ನಮಗೆ ಸಿಕ್ಕಿದ್ದು ಅಂಥದ್ದೇ ಅಂತ ಅಂಗಡಿಯವ ಹೇಳಿದ. 7,500, ಚೌಕಟ್ಟು ಸಮೇತ. ನಮ್ಮ ಟಂಟಂನಲ್ಲೇ ತಂದೆವು. ಚೌಕಟ್ಟಿನ ಎಡಗಡೆ ಮಗುವಿನ ಎತ್ತರ ಅಳೆದು ಚಾಕುವಿನಲ್ಲಿ ಗೀಚಿದ ಐದು ಗೆರೆಗಳಿವೆ. ಬಡಿಗೇರ ಉಜ್ಜಿ ತೆಗೀಲಾ ಅಂತ ಕೇಳಿದ. ಬೇಡ ಅಂದೆ. ಇನ್ನೊಂದು ಕಡೆ ನಮ್ಮ ಮಗಳದು ಶುರು ಮಾಡಿದ್ದೇವೆ.

ಕುಣಿಯನ್ನು ಮುಚ್ಚಲಿಲ್ಲ. ಮಣ್ಣು ಬೇಕಾದಷ್ಟಿತ್ತು, ಮುಚ್ಚಿದ್ದರೆ ಎರಡು ತಾಸಿನ ಕೆಲಸ. ಅಂಚಿಗೆ ಪರಸಿ ಕಟ್ಟಿ, ಮೇಲೆ ಹಲಗೆಯ ಮುಚ್ಚಳ ಮಾಡಿಸಿ, ಸಾಮಾನು ಇಡಲು ಇಟ್ಟುಕೊಂಡೆವು. ಸ್ವಚ್ಛ ಮಾಡುವಾಗ ಅದರ ತಳದಲ್ಲಿ ಒಂದು ಲಾಳಿ ಸಿಕ್ಕಿತು, ತುದಿಯಲ್ಲಿ ತುಕ್ಕು. ಈರುಳ್ಳಿ, ಹಾಸಿಗೆ ಎಲ್ಲ ಕುಣಿಯಲ್ಲಿ ಇಡಬಹುದು ಅಂದುಕೊಂಡಿದ್ದೆ. ಮಳೆಗಾಲದಲ್ಲಿ ಒಳಗೆ ತೇವ ಬರುತ್ತದೆ, ಹಾಸಿಗೆಗೆ ಬೂಷ್ಟು ಹಿಡಿಯಿತು. ಈಗ ಅಲ್ಲಿ ಕಬ್ಬಿಣದ ಸಾಮಾನು, ಖಾಲಿ ಸಿಲಿಂಡರ್ ಮಾತ್ರ. ಮಗಳು ಓದುವಾಗ ಮುಚ್ಚಳ ತೆಗೆದು ಅದರೊಳಗೆ ಕಾಲು ಬಿಟ್ಟು ಕೂರುತ್ತಾಳೆ, ನೆಲವೇ ಟೇಬಲ್ಲು.

ಒಟ್ಟು ರಿಪೇರಿಗೆ 2,16,500. ಅಂದ್ರೆ 66,500 ಕಡಿಮೆ ಬಿತ್ತು. ನನ್ನ ಎರಡು ಪಾಟಲಿ (ಬಂಗಾರದ ಬಳೆ) ಅಡವಿಟ್ಟು 60,000, ಉಳಿದದ್ದು ತಮ್ಮನ ಹತ್ತಿರ ಕೈಗಡ. ಮನೆ, ರಜಿಸ್ಟರ್, ರಿಪೇರಿ ಎಲ್ಲ ಸೇರಿ ಐದು ಲಕ್ಷದ ಹದಿಮೂರು ಸಾವಿರ. ಬಾಡಿಗೆ ಮನೆಗೆ ತಿಂಗಳಿಗೆ 4,500 ಕಟ್ಟುತ್ತಿದ್ದೆವು, ಆ ಲೆಕ್ಕದಲ್ಲಿ ಒಂಬತ್ತೂವರೆ ವರ್ಷದ ಬಾಡಿಗೆ. ಪಾಟಲಿ ಹೋದ ವರ್ಷ ಬಿಡಿಸಿಕೊಂಡೆ.

ಜೂನ್ ಕೊನೆಗೆ ಹಾಲು ಉಕ್ಕಿಸಿ ಒಳಗೆ ಬಂದೆವು. ಮಳೆ ಬರುತ್ತೆ, ಮಾಳಿಗೆ ಏನಾಗುತ್ತೋ ಅಂತ ದಿನಾ ಮೇಲೆ ನೋಡ್ತಾ ಕೂತರೆ, 2023ರಲ್ಲಿ ಮಳೆಯೇ ಇಲ್ಲ. ಮಿರಗ ಒಣಗಿತು, ಆಗಸ್ಟ್ ಪೂರ್ತಿ ಒಣಗಿತು, ಸೆಪ್ಟೆಂಬರಿನಲ್ಲಿ ಸರಕಾರ ರಾಜ್ಯದ 195 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಊರೆಲ್ಲ ಮಳೆಗಾಗಿ ಬೇಡುವಾಗ ನಾನೊಬ್ಬಳು ಒಳಗೊಳಗೇ ಹಗುರಾಗಿದ್ದೆ, ಅದನ್ನು ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆ ನಡೆದದ್ದು 2024ರಲ್ಲಿ. ಜುಲೈನಲ್ಲಿ ಒಮ್ಮೆ ಮೂರು ದಿನ ಬಿಡದೆ ಜಿಟಿಜಿಟಿ ಹಿಡಿಯಿತು. ಜೋರು ಮಳೆಗಿಂತ ಮಣ್ಣಿನ ಮಾಳಿಗೆಗೆ ಇದೇ ಕೆಟ್ಟದ್ದು, ಮೆಲ್ಲಗೆ ಇಳಿಯುತ್ತದೆ. ಎರಡನೆಯ ರಾತ್ರಿ ಟಪ್ ಅಂತ ಸದ್ದು. ಎದ್ದು ಲೈಟ್ ಹಾಕಿದೆವು. ಬೆಳಕಿಂಡಿಯ ಮೂಲೆಯಲ್ಲಿ, ನಾನು ಹಟ ಮಾಡಿ ಹಾಸಿಸಿದ್ದ ಪ್ಲಾಸ್ಟಿಕ್ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದಲೇ, ಹನಿ. ಉಳಿದ ಕಡೆ ಎಲ್ಲೂ ಇಲ್ಲ.

ಬೆಳಗ್ಗೆ ಮುತ್ಯಾಗೆ ಹೇಳಿದೆ. ಅವರು ಬಂದು ಮೇಲೆ ನೋಡಿದರು, ನನ್ನನ್ನು ನೋಡಿದರು, ಪ್ಲಾಸ್ಟಿಕ್ ಮಾತು ಎತ್ತಲಿಲ್ಲ. "ಒಂದ ಬುಟ್ಟಿ ಹಾಕಿದ್ರ ನಿಲ್ತದ" ಅಂದರು. ಆಮೇಲೆ ತಾವೇ ನಕ್ಕು, "ಹಾಕಬ್ಯಾಡ. ಅವ್ರೂ ಹಂಗ ಶುರು ಮಾಡಿದ್ರು" ಅಂದರು. ಬಿಸಿಲು ಬಿದ್ದ ಮೇಲೆ ಆ ಮೂಲೆಯನ್ನು ಅಗೆದು, ಪ್ಲಾಸ್ಟಿಕ್ಕಿನ ಅಂಚು ಮೇಲಕ್ಕೆ ಮಡಚಿ, ಅದೇ ಮಣ್ಣು ಮತ್ತೆ ತುಂಬಿದೆವು. ಹನಿ ನಿಂತಿಲ್ಲ, ಕಡಿಮೆ ಆಗಿದೆ. ಜಿಟಿಜಿಟಿ ಹಿಡಿದರೆ ಆ ಜಾಗಕ್ಕೆ ಒಂದು ಬೋಗುಣಿ ಇಡುತ್ತೇವೆ, ರಾತ್ರಿಗೆ ಅರ್ಧ ತುಂಬುತ್ತದೆ, ಬೆಳಗ್ಗೆ ತುಳಸಿಗೆ ಹಾಕುತ್ತೇನೆ.